ಬಂಕಿಮಚಂದ್ರರ ಧರ್ಮವಿಚಾರವೂ ಉತ್ತರಕಾಲದ ಮೂರು ಕಾದಂಬರಿಗಳೂ

೧

ಬಂಗಾಳಿ ಸಾಹಿತ್ಯದ ಮಾತು ಬಂದಾಗ ಇಂದಿನ ವಿದ್ಯಾರ್ಥಿಗೆ ಮೊದಲು ನೆನಪಾಗುವ ಹೆಸರು ರವೀಂದ್ರನಾಥ ಠಾಕೂರರದು. ಆದರೆ ಕನ್ನಡದ ಹಿಂದಿನ ತಲೆಮಾರಿನ ವಾಚಕರಿಗೆ ಬಂಗಾಳವೆಂದರೆ ಬಂಕಿಮಚಂದ್ರ ಚಟ್ಟೋಪಾಧ್ಯಾಯರೇ (೧೮೩೮–೧೮೯೪) ಆಗಿದ್ದರು. ಕನ್ನಡ ಕಾದಂಬರಿ ಇನ್ನೂ ತನ್ನ ಕಾಲ ಮೇಲೆ ನಿಲ್ಲದಿದ್ದ ದಿನಗಳಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿಯನ್ನು ಕಲಿತು, ಬಂಕಿಮರ ಕಾದಂಬರಿಗಳನ್ನು ಮೂಲದಿಂದಲೇ ನಮ್ಮ ಭಾಷೆಗೆ ತಂದರು. ಆ ಮೂಲಕ ಕಥೆಯನ್ನು ಓದುವ ಒಂದು ವರ್ಗವನ್ನೇ ಕನ್ನಡದಲ್ಲಿ ನಿರ್ಮಿಸಿದರು. ಹೀಗೆ ಬಂಕಿಮರು ನಮಗೆ ಪರಿಚಿತರಾದದ್ದು ಕಾದಂಬರಿಕಾರರಾಗಿ. ಧರ್ಮಜಿಜ್ಞಾಸುವಾದ ಬಂಕಿಮರು, ಅಂದರೆ ‘ಧರ್ಮತತ್ತ್ವ’, ‘ಕೃಷ್ಣಚರಿತ್ರ’ಗಳ ಕರ್ತೃ, ನಮಗೆ ಅಷ್ಟಾಗಿ ನಿಕಟರಾಗಲಿಲ್ಲ.

ಈ ಇಬ್ಬರು ಬಂಕಿಮರ ಸಂಬಂಧವೇನೆಂಬುದು ಬಹುಕಾಲದಿಂದ ವಿಮರ್ಶಕರನ್ನು ಕಾಡಿರುವ ಪ್ರಶ್ನೆ. ಶ್ರೀ ಅರವಿಂದರು ತಮ್ಮ ತಾರುಣ್ಯದಲ್ಲಿ, ೧೮೯೪ರಲ್ಲಿ, ಬಂಕಿಮರನ್ನು ಕುರಿತು ಬರೆದ ಲೇಖನಮಾಲೆಯಲ್ಲಿ ಕಲಾವಿದನನ್ನು ಕೊಂಡಾಡಿದರು. ೧೯೦೭ರಲ್ಲಿ ಮತ್ತೆ ಬರೆದಾಗಲಾದರೋ ಮೊದಲಿನ ಬಂಕಿಮರು ಕವಿ, ಶೈಲಿಕಾರರು ಮಾತ್ರವೆಂದೂ, ಅನಂತರದ ಬಂಕಿಮರು ದ್ರಷ್ಟಾರರು, ರಾಷ್ಟ್ರನಿರ್ಮಾತೃಗಳು ಎಂದೂ ಭೇದವೆಣಿಸಿ, ಎರಡನೆಯವರಿಗೇ ಹಿರಿಮೆಯನ್ನಿತ್ತರು. ಇದಕ್ಕೆ ವಿರುದ್ಧವಾಗಿ, ‘ವಿಷವೃಕ್ಷ’, ‘ಕೃಷ್ಣಕಾಂತನ ಉಯಿಲು’ ಇವುಗಳ ಕಲೆ ಉತ್ತರಕಾಲದಲ್ಲಿ ಉಪದೇಶದ ಭಾರಕ್ಕೆ ಕುಸಿಯಿತೆಂದು ಮರುಗುವವರೂ ಉಂಟು. ಎರಡು ಪಕ್ಷಗಳೂ ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಂಡರೂ ಒಂದು ಅಂಶವನ್ನು ಸಮಾನವಾಗಿ ಒಪ್ಪಿಕೊಂಡಿವೆ: ‘ಆನಂದಮಠ’ (೧೮೮೨), ‘ದೇವೀ ಚೌಧುರಾಣಿ’ (೧೮೮೪), ‘ಸೀತಾರಾಮ’ (೧೮೮೭) ಈ ಮೂರೂ ಒಂದು ಸಿದ್ಧಾಂತವನ್ನು ಕಥೆಯ ರೂಪದಲ್ಲಿ ಬೋಧಿಸುವ ಗ್ರಂಥಗಳು ಎಂಬುದೇ ಆ ಅಂಶ. ನಮ್ಮ ತರಗತಿಗಳಲ್ಲಿಯೂ ಈ ಕಾದಂಬರಿಗಳನ್ನು ಪ್ರಾಯಶಃ ಹೀಗೆಯೇ ಪರಿಚಯಿಸಲಾಗುತ್ತದೆ. ಸಿದ್ಧಾಂತ ಮೊದಲು, ದೃಷ್ಟಾಂತ ಆಮೇಲೆ.

ಈ ಅಭಿಪ್ರಾಯವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಬಂಕಿಮರ ಧರ್ಮವಿಚಾರವೂ ಕಾದಂಬರಿಗಳೂ ಒಂದೇ ಪ್ರಶ್ನೆಯಿಂದ ಹುಟ್ಟಿದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕಾದಂಬರಿಗಳು ಸಿದ್ಧಾಂತಕ್ಕೆ ನಿದರ್ಶನಗಳಲ್ಲ. ಅವು ಸಿದ್ಧಾಂತದ ಪರೀಕ್ಷೆಗಳು ಎಂಬುದು ನಮ್ಮ ಅಭಿಪ್ರಾಯ. ಪ್ರಬಂಧಕಾರರು ನಿರ್ಣಯಿಸಿದ್ದನ್ನು ಕಾದಂಬರಿಕಾರರು ಮನುಷ್ಯರ ಬಾಳಿಗೆ ಒಡ್ಡಿ ನೋಡಿದರು. ಆ ಪರೀಕ್ಷೆಯಲ್ಲಿ ಸಿದ್ಧಾಂತ ಎಲ್ಲೆಡೆಯೂ ಗೆಲ್ಲಲಿಲ್ಲ ಎಂಬುದೇ ಈ ಕೃತಿಗಳ ಬಾಳಿಕೆಗೆ ಕಾರಣ.

೨

ಮೊದಲು ಸಿದ್ಧಾಂತದ ಸ್ವರೂಪವನ್ನು ಸಂಗ್ರಹವಾಗಿ ನೋಡಬಹುದು. ಬಂಕಿಮರು ೧೮೫೮ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪದವೀಧರರಿಬ್ಬರಲ್ಲಿ ಒಬ್ಬರಾಗಿ ತೇರ್ಗಡೆ ಹೊಂದಿದರು. ಅದೇ ವರ್ಷ ಡೆಪ್ಯುಟಿ ಮ್ಯಾಜಿಸ್ಟ್ರೇಟರ ಹುದ್ದೆಗೆ ಸೇರಿ ೧೮೯೧ರಲ್ಲಿ ನಿವೃತ್ತರಾದರು. ಹಗಲು ಕಚೇರಿಯ ವ್ಯಾಜ್ಯ, ಉಳಿದ ವೇಳೆಯಲ್ಲಿ ಓದು ಬರಹ; ಇದು ಅವರ ಜೀವನಕ್ರಮ. ಕೋಂತ್, ಮಿಲ್, ಸ್ಪೆನ್ಸರ್ ಇವರ ಗ್ರಂಥಗಳು ಅವರಿಗೆ ಗೀತೆ, ಭಾರತಗಳಷ್ಟೇ ಪರಿಚಿತವಾಗಿದ್ದವು. ೧೮೭೯ರಲ್ಲಿ ‘ಸಾಮ್ಯ’ವೆಂಬ ಪುಸ್ತಕದಲ್ಲಿ ಸಮಾನತೆಯನ್ನು ಪ್ರತಿಪಾದಿಸಿದ ಅವರು ಮುಂದೆ ಅದನ್ನು ಪುನರ್ಮುದ್ರಿಸಲು ಒಪ್ಪಲಿಲ್ಲ. ತಾವು ಬರೆದುದನ್ನು ತಾವೇ ಕೈಬಿಡಬಲ್ಲ ಈ ಸ್ವಭಾವವನ್ನು ನಾವು ಮುಂದಿನ ವಿಚಾರಕ್ಕಾಗಿ ನೆನಪಿನಲ್ಲಿಡಬೇಕು.

೧೮೮೪ರಲ್ಲಿ ‘ನವಜೀವನ’, ‘ಪ್ರಚಾರ’ ಎಂಬ ಎರಡು ಮಾಸಪತ್ರಿಕೆಗಳು ಹೊರಟವು. ಮೊದಲನೆಯದರಲ್ಲಿ ಬಂಕಿಮರ ಧರ್ಮವಿಷಯಕ ಪ್ರಬಂಧಗಳು ಪ್ರಕಟವಾಗತೊಡಗಿದವು. ಅವೇ ೧೮೮೮ರಲ್ಲಿ ‘ಧರ್ಮತತ್ತ್ವ’ವೆಂಬ ಗ್ರಂಥವಾದವು. ಎರಡನೆಯದರಲ್ಲಿ ‘ಕೃಷ್ಣಚರಿತ್ರ’ವೂ ‘ಸೀತಾರಾಮ’ವೂ ಬಂದವು. ಒಂದೇ ಲೇಖನಿ, ಒಂದೇ ಪತ್ರಿಕೆಯಲ್ಲಿ, ಒಂದೆಡೆ ಪರಿಪೂರ್ಣ ಪುರುಷನ ಚರಿತ್ರೆಯನ್ನೂ ಇನ್ನೊಂದೆಡೆ ಪತಿತನಾಗುವ ಅರಸನ ಕಥೆಯನ್ನೂ ಬರೆಯುತ್ತಿತ್ತು. ಈ ಸಹಯೋಗ ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

‘ಧರ್ಮತತ್ತ್ವ’ವು ಗುರುಶಿಷ್ಯರ ಸಂವಾದ. ಈ ಬದುಕನ್ನು ಹಿಡಿದು ಏನು ಮಾಡಬೇಕೆಂಬ ಪ್ರಶ್ನೆ ತನ್ನನ್ನು ಚಿಕ್ಕಂದಿನಿಂದಲೇ ಕಾಡಿತೆಂದು ಗುರು ಹೇಳಿಕೊಳ್ಳುತ್ತಾನೆ. ಅವನು ಕಂಡುಕೊಂಡ ಉತ್ತರವೇ ಅನುಶೀಲನ. ಮನುಷ್ಯನಲ್ಲಿ ನಾಲ್ಕು ಬಗೆಯ ವೃತ್ತಿಗಳಿವೆ: ಶಾರೀರಿಕ, ಜ್ಞಾನಾರ್ಜನೀ, ಕಾರ್ಯಕಾರಿಣೀ, ಚಿತ್ತರಂಜಿನೀ. ಇವೆಲ್ಲ ಯಥೋಚಿತವಾಗಿ ಬೆಳೆದು, ಒಂದು ಇನ್ನೊಂದನ್ನು ತುಳಿಯದೆ ಸಾಮಂಜಸ್ಯವನ್ನು ಪಡೆಯುವುದೇ ಮನುಷ್ಯತ್ವ; ಅವೆಲ್ಲವೂ ಈಶ್ವರಾಭಿಮುಖವಾಗುವುದೇ ಭಕ್ತಿ. ಇಲ್ಲಿ ಗಮನಿಸಬೇಕಾದ ಎರಡು ಅಂಶಗಳಿವೆ. ಕಾಮಕ್ರೋಧಾದಿಗಳನ್ನು ಬೇರುಸಹಿತ ಕೀಳಬೇಕೆಂದು ಬಂಕಿಮರು ಹೇಳುವುದಿಲ್ಲ. ಅವಕ್ಕೂ ಒಂದು ಉಚಿತವಾದ ಪ್ರಮಾಣವುಂಟು, ಬೇಕಾದದ್ದು ದಮನವೇ ಹೊರತು ಉಚ್ಛೇದವಲ್ಲ ಎನ್ನುತ್ತಾರೆ. ಎರಡನೆಯದಾಗಿ, ಈ ಕಾರಣದಿಂದಲೇ ಅವರಿಗೆ ಸನ್ನ್ಯಾಸವು ಪೂರ್ಣಧರ್ಮವಾಗಿ ತೋರದು. ವೃತ್ತಿಗಳನ್ನು ಒಣಗಿಸಿದವನಲ್ಲ, ಅರಳಿಸಿ ಅಂಕೆಯಲ್ಲಿಟ್ಟುಕೊಂಡವನೇ ಅವರ ಆದರ್ಶ. ದೇಶಪ್ರೀತಿಗೆ ಅವರು ಈಶ್ವರಭಕ್ತಿಯೊಂದನ್ನುಳಿದು ಎಲ್ಲಕ್ಕಿಂತ ಮೇಲಿನ ಸ್ಥಾನವನ್ನು ಕೊಡುತ್ತಾರೆ. ಆದರೆ ಪರರಾಷ್ಟ್ರವನ್ನು ಸುಲಿದು ಸ್ವರಾಷ್ಟ್ರವನ್ನು ಬೆಳೆಸುವ ಯೂರೋಪಿನ ದೇಶಾಭಿಮಾನವನ್ನು ಪಾಪವೆಂದೇ ಖಂಡಿಸುತ್ತಾರೆ.

ಇದು ಸುಂದರವಾದ, ಸಮತೂಕದ ದರ್ಶನ. ಆದರೆ ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಕ್ಷಾಮ, ಯುದ್ಧ, ಅನ್ಯಾಯಗಳ ನಡುವೆ ಬದುಕುವ ಮನುಷ್ಯನಿಗೆ ಎಲ್ಲ ವೃತ್ತಿಗಳನ್ನೂ ಸಮನಾಗಿ ಬೆಳೆಸಿಕೊಳ್ಳುವ ಅವಕಾಶವೆಲ್ಲಿ? ಕಾಲವು ಅವನಿಂದ ಒಂದನ್ನೇ ಬೇಡಿದರೆ, ಉಳಿದವುಗಳ ಗತಿಯೇನು? ಈ ಪ್ರಶ್ನೆಯನ್ನು ‘ಧರ್ಮತತ್ತ್ವ’ದ ಶಿಷ್ಯನು ಬಿಡಿಸಿ ಕೇಳುವುದಿಲ್ಲ, ಕಾದಂಬರಿಗಳು ಕೇಳುತ್ತವೆ.

೩

‘ಆನಂದಮಠ’ದ ಹಿನ್ನೆಲೆ ೧೭೭೦ರ ಭೀಕರ ಕ್ಷಾಮ. ಪದಚಿಹ್ನವೆಂಬ ಊರಿನ ಶ್ರೀಮಂತ ಮಹೇಂದ್ರಸಿಂಹ ಮಡದಿ ಕಲ್ಯಾಣಿಯೊಡನೆಯೂ ಮಗುವಿನೊಡನೆಯೂ ಮನೆ ಬಿಟ್ಟು ಹೊರಡುವುದರಿಂದ ಕಥೆ ಮೊದಲಾಗುತ್ತದೆ. ಅವನು ಸೇರುವ ಸಂತಾನರ ಗುಂಪಿನ ವ್ರತ ಕಠಿನವಾದುದು: ದೇಶಮಾತೆಯ ಉದ್ಧಾರವಾಗುವವರೆಗೆ ಹೆಂಡಿರು ಮಕ್ಕಳ ಮುಖವನ್ನು ನೋಡಕೂಡದು. ಅಂದರೆ ‘ಧರ್ಮತತ್ತ್ವ’ವು ಅರಳಿಸಬೇಕೆನ್ನುವ ವೃತ್ತಿಯನ್ನೇ ಈ ವ್ರತ ಅಮಾನತಿನಲ್ಲಿಡುತ್ತದೆ.

ಇದರ ಪರಿಣಾಮವನ್ನು ಬಂಕಿಮರು ಮರೆಮಾಚುವುದಿಲ್ಲ. ವ್ರತನಿಷ್ಠರಲ್ಲಿ ಅಗ್ರಗಣ್ಯನಾದ ಭವಾನಂದನೇ ಕಲ್ಯಾಣಿಯಲ್ಲಿ ಮೋಹಗೊಂಡು, ಆ ಪಾಪಕ್ಕೆ ರಣರಂಗದಲ್ಲಿ ಪ್ರಾಣವನ್ನು ತೆರುತ್ತಾನೆ. ಜೀವಾನಂದನು ತನ್ನ ಹೆಂಡತಿ ಶಾಂತಿಯನ್ನು ಕಂಡು ವ್ರತಭಂಗ ಮಾಡಿಕೊಳ್ಳುತ್ತಾನೆ. ಶಾಂತಿಯಾದರೋ ಗಂಡುವೇಷವನ್ನು ತೊಟ್ಟು ಮಠಕ್ಕೇ ಬಂದು ಸೇರುತ್ತಾಳೆ. ಹೊರಗಟ್ಟಿದ ಗೃಹಧರ್ಮ ಹೀಗೆ ಇನ್ನೊಂದು ಬಾಗಿಲಿನಿಂದ ಒಳಗೆ ಬರುತ್ತದೆ. ಇವರಿಬ್ಬರ ಪ್ರಸಂಗಗಳನ್ನು ಕೇವಲ ಕಥಾರಂಜನೆಗಾಗಿ ಹೊಂದಿಸಿದವೆಂದು ಭಾವಿಸುವುದು ತಪ್ಪು. ವ್ರತವು ಮಹತ್ತಾದುದು, ಆದರೆ ಮನುಷ್ಯನು ಅದಕ್ಕಿಂತ ವಿಸ್ತಾರವಾದವನು ಎಂಬುದನ್ನು ಇವು ತೋರುತ್ತವೆ.

ಇದಕ್ಕಿಂತಲೂ ಮುಖ್ಯವಾದುದು ಸತ್ಯಾನಂದನೇ ಮಹೇಂದ್ರನಿಗೆ ಹೇಳುವ ಮಾತು. ಚೈತನ್ಯದೇವನ ವೈಷ್ಣವರ ವಿಷ್ಣು ಕೇವಲ ಪ್ರೇಮಮಯ, ಸಂತಾನರ ವಿಷ್ಣು ಕೇವಲ ಶಕ್ತಿಮಯ. ಆದುದರಿಂದ ಇಬ್ಬರೂ ಅರ್ಧ ವೈಷ್ಣವರೇ ಎಂಬ ಅರ್ಥದ ವಿವರಣೆಯನ್ನು ಅವನು ಕೊಡುತ್ತಾನೆ. ತನ್ನ ಪಂಥದ ಅಪೂರ್ಣತೆಯನ್ನು ಬಲ್ಲ ನಾಯಕ ಇವನು! ಬೋಧನೆಯೇ ಗುರಿಯಾಗಿದ್ದ ಲೇಖಕರು ನಾಯಕನ ಬಾಯಿಂದ ಈ ಒಪ್ಪಿಗೆಯನ್ನು ಹೊರಡಿಸುತ್ತಿರಲಿಲ್ಲ. ಕೊನೆಯಲ್ಲಿ ಬರುವ ಚಿಕಿತ್ಸಕರೂಪದ ಮಹಾಪುರುಷನು ಯುದ್ಧವನ್ನು ನಿಲ್ಲಿಸಿ, ಬಹಿರ್ವಿಷಯಕ ಜ್ಞಾನವಿಲ್ಲದೆ ಸನಾತನಧರ್ಮದ ಉದ್ಧಾರವಾಗದು, ಆ ಜ್ಞಾನಕ್ಕಾಗಿ ಇಂಗ್ಲಿಷರ ಆಳ್ವಿಕೆ ಬೇಕಾಗಿದೆ ಎನ್ನುತ್ತಾನೆ. ಈ ಸಮಾಪ್ತಿಯನ್ನು ಸರ್ಕಾರಿ ನೌಕರನ ಎಚ್ಚರಿಕೆಯೆಂದು ಹಲವರು ಹೇಳಿದ್ದಾರೆ. ಆ ಅಂಶ ಇಲ್ಲವೆನ್ನಲಾಗದು. ಆದರೂ ಕಾದಂಬರಿಯ ಒಳತರ್ಕವೂ ಇದೇ: ಜ್ಞಾನವಿಲ್ಲದ ಭಕ್ತಿ ಅರ್ಧ, ಆದುದರಿಂದ ಜಯವೂ ಅರ್ಧ. ಸತ್ಯಾನಂದನು ಆ ಮಾತನ್ನು ಕೇಳಿ ಸಮಾಧಾನಗೊಳ್ಳುವುದಿಲ್ಲ, ಕಣ್ಣೀರಿಡುತ್ತಾನೆ. ಮಹಾಪುರುಷನ ಸಿದ್ಧಾಂತ ಗೆಲ್ಲುತ್ತದೆ. ವಾಚಕನ ಹೃದಯ ಮಾತ್ರ ಸೋತವನ ಕಣ್ಣೀರಿನ ಕಡೆಗೇ ನಿಲ್ಲುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದಿರುವುದೇ ಆ ಪುಟಗಳ ಶಕ್ತಿ.

೪

ಮೂರರಲ್ಲಿ ಸಿದ್ಧಾಂತಕ್ಕೆ ಅತಿ ಸಮೀಪವಾದುದು ‘ದೇವೀ ಚೌಧುರಾಣಿ’. ಅದರ ಮುಖಪತ್ರದಲ್ಲಿ ಸೀಲಿ ಮತ್ತು ಕೋಂತರ ವಾಕ್ಯಗಳಿರುವುದೇ ಇದನ್ನು ಸೂಚಿಸುತ್ತದೆ. ಬಡ ವಿಧವೆಯ ಮಗಳಾದ ಪ್ರಫುಲ್ಲೆಯನ್ನು ಮಾವ ಹರವಲ್ಲಭನು ಲೋಕಾಪವಾದಕ್ಕೆ ಹೆದರಿ ಮನೆಯಿಂದ ಹೊರಗಟ್ಟುತ್ತಾನೆ. ಹೊಟ್ಟೆಗೇನು ಮಾಡಲಿ ಎಂದು ಕೇಳಿಸಿದರೆ ಕಳ್ಳತನ ಮಾಡು, ದರೋಡೆ ಮಾಡು ಎನ್ನುತ್ತಾನೆ. ಆಕೆಗೆ ಕಾಡಿನಲ್ಲಿ ನಿಧಿ ದೊರೆಯುತ್ತದೆ. ದರೋಡೆಗಾರರ ನಾಯಕ ಭವಾನೀ ಪಾಠಕನು ಗುರುವಾಗುತ್ತಾನೆ. ಐದು ವರ್ಷ ವ್ಯಾಕರಣ, ನ್ಯಾಯ, ಸಾಂಖ್ಯ, ವೇದಾಂತ, ಗೀತೆ, ಜೊತೆಗೆ ಅಂಗಸಾಧನೆ, ಆಹಾರನಿಯಮ. ಇದು ‘ಧರ್ಮತತ್ತ್ವ’ದ ಪಾಠಪಟ್ಟಿಯೇ ಸರಿ. ಹೀಗೆ ಪಳಗಿದವಳು ದೇವೀ ಚೌಧುರಾಣಿಯಾಗಿ ಬಡವರಿಗೆ ಧನವನ್ನು ಹಂಚುತ್ತಾಳೆ. ಕೊನೆಗೆ ಎಲ್ಲವನ್ನೂ ತ್ಯಜಿಸಿ ಗಂಡನ ಮನೆಯನ್ನು ಸೇರಿ, ಕೊಳದ ಮೆಟ್ಟಿಲಲ್ಲಿ ಕುಳಿತು ಪಾತ್ರೆ ತೊಳೆಯುತ್ತಾಳೆ.

ಇಲ್ಲಿ ಕಲೆ ಉಪದೇಶಕ್ಕೆ ಬಾಗಿದೆಯೆಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಶಿಕ್ಷಣ ಪೂರ್ತಿಯಾದ ಮೇಲೆ ಪ್ರಫುಲ್ಲೆಯ ಅಂತರಂಗದಲ್ಲಿ ತುಮುಲವೇ ಕಡಮೆಯಾಗುತ್ತದೆ, ಪರಿಪೂರ್ಣರಾದವರಿಗೆ ಕಥೆಯಿಲ್ಲ. ಆದರೂ ಬಂಕಿಮರ ಕಲಾಪ್ರಜ್ಞೆ ಒಂದು ಚಿಕ್ಕ ವಿವರದಲ್ಲಿ ಎಚ್ಚೆತ್ತಿದೆ. ಎಲ್ಲ ನಿಯಮಗಳಲ್ಲಿಯೂ ಗುರುವಿಗೆ ವಿಧೇಯಳಾದ ಪ್ರಫುಲ್ಲೆ ಒಂದರಲ್ಲಿ ಮಾತ್ರ ಅವಿಧೇಯಳು: ಏಕಾದಶಿಯ ದಿನ ಹಟಹಿಡಿದು ಮೀನು ತಿನ್ನುತ್ತಾಳೆ. ಸಂತೆಯಿಂದ ಮೀನು ಬಾರದಿದ್ದರೆ ಹಳ್ಳಕೊಳ್ಳಗಳಲ್ಲಿ ತಾನೇ ಹಿಡಿದು ತರುತ್ತಾಳೆ. ಕನ್ನಡ ವಾಚಕನಿಗೆ ಇದು ವಿಚಿತ್ರವಾಗಿ ತೋರಬಹುದು. ಬಂಗಾಳದಲ್ಲಿ ಮೀನು ಸುಮಂಗಲಿಯ ಆಹಾರ, ಏಕಾದಶಿಯ ಕಟ್ಟುಪವಾಸ ವಿಧವೆಯ ಪಾಲಿನದು. ಆದುದರಿಂದ ಆ ತುಂಡು ಮೀನಿನ ಅರ್ಥ ಒಂದೇ: ನನ್ನ ಗಂಡ ಬದುಕಿದ್ದಾನೆ, ನಾನು ಆತನ ಹೆಂಡತಿ. ಐದು ವರ್ಷದ ವೇದಾಂತವು ಅಲುಗಿಸಲಾರದ ಒಂದು ಬಿಂದು ಆಕೆಯಲ್ಲಿ ಉಳಿದಿತ್ತು. ಕಥೆ ಕೊನೆಗೆ ಹಿಂದಿರುಗುವುದೂ ಆ ಬಿಂದುವಿಗೇ. ಪಾತ್ರೆ ತೊಳೆಯುವ ಪ್ರಫುಲ್ಲೆಯನ್ನು ನಾವು ನಂಬುವುದು ಗೀತೆಯನ್ನೋದಿದವಳೆಂದಲ್ಲ, ಅಂದು ಮೀನು ಹಿಡಿದವಳೆಂದು.

ಈ ಮರಳುವಿಕೆಯನ್ನು ಇಂದಿನ ಓದುಗರು ಪೂರ್ಣ ತೃಪ್ತಿಯಿಂದ ಸ್ವೀಕರಿಸಲಾರರು. ನಾಡನ್ನಾಳಬಲ್ಲವಳು ಸವತಿಯರಿಬ್ಬರ ನಡುವೆ, ತನ್ನನ್ನು ಹೊರಗಟ್ಟಿದ ಮಾವನ ಮನೆಯಲ್ಲಿಯೇ ಸಾರ್ಥಕ್ಯವನ್ನು ಕಾಣಬೇಕೆ? ಈ ಪ್ರಶ್ನೆ ನ್ಯಾಯವಾದುದು. ಗೃಹಧರ್ಮವನ್ನು ಸನ್ನ್ಯಾಸಕ್ಕಿಂತ ಮೇಲೆಂದು ಸ್ಥಾಪಿಸುವ ಆತುರದಲ್ಲಿ ಬಂಕಿಮರು ಆ ಗೃಹದ ಅನ್ಯಾಯವನ್ನು ಲಘುವಾಗಿ ಕಂಡರೆಂದೇ ಹೇಳಬೇಕು.

೫

‘ಸೀತಾರಾಮ’ದಲ್ಲಿ ಪರೀಕ್ಷೆ ತನ್ನ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಸೀತಾರಾಮನ ಮೊದಲ ಹೆಂಡತಿ ಶ್ರೀ. ಪ್ರಿಯರ ಪ್ರಾಣಕ್ಕೆ ಎರವಾಗುವಳೆಂಬ ಜಾತಕದ ಮಾತಿನಿಂದ ಪರಿತ್ಯಕ್ತಳಾದವಳು. ತನ್ನ ಅಣ್ಣ ಗಂಗಾರಾಮನಿಗೆ ಒದಗಿದ ಅನ್ಯಾಯದ ಮರಣದಂಡನೆಯಿಂದ ಅವನನ್ನು ಉಳಿಸಬೇಕೆಂದು ಗಂಡನನ್ನು ಬೇಡುತ್ತಾಳೆ. ಆ ಗದ್ದಲದಲ್ಲಿ ಮರದ ಮೇಲೆ ನಿಂತು, ಸೆರಗನ್ನು ಬೀಸಿ ಜನರನ್ನು ಹುರಿದುಂಬಿಸುವ ಅವಳು ಸೀತಾರಾಮನ ಕಣ್ಣಿಗೆ ಚಂಡಿಕೆಯಂತೆ ತೋರುತ್ತಾಳೆ. ಆ ಒಂದು ನೋಟದಿಂದ ರಾಜ್ಯವೂ ಹುಟ್ಟುತ್ತದೆ, ರಾಜ್ಯನಾಶದ ಬೀಜವೂ ಹುಟ್ಟುತ್ತದೆ. ಅವಳಲ್ಲಿ ಅವನು ಕಂಡದ್ದು ದೇವಿಯನ್ನೋ ಹೆಣ್ಣನ್ನೋ ಎಂಬುದನ್ನು ಅವನೂ ಬೇರ್ಪಡಿಸಲಾರ. ಬಂಕಿಮರೂ ನಮಗೆ ಬೇರ್ಪಡಿಸಿ ಕೊಡುವುದಿಲ್ಲ.

ಜಾತಕದ ಮಾತನ್ನು ಅರಿತ ಶ್ರೀ ಗಂಡನ ಕ್ಷೇಮಕ್ಕಾಗಿ ಅವನನ್ನು ತೊರೆದು, ಜಯಂತಿಯೆಂಬ ಸನ್ನ್ಯಾಸಿನಿಯ ಜೊತೆಗೂಡಿ ತಾನೂ ಸನ್ನ್ಯಾಸಿನಿಯಾಗುತ್ತಾಳೆ. ಹಿಂದಿರುಗಿ ಬಂದಾಗ ಅವಳು ಹೆಂಡತಿಯಲ್ಲ. ಸೀತಾರಾಮನು ಅವಳನ್ನು ‘ಚಿತ್ತವಿಶ್ರಾಮ’ವೆಂಬ ಭವನದಲ್ಲಿರಿಸಿ, ರಾಜಕಾರ್ಯವನ್ನು ಮರೆತು ಅಲ್ಲಿಯೇ ಕಾಲಕಳೆಯುತ್ತಾನೆ. ಶ್ರೀ ಕಣ್ಮರೆಯಾಗಲು ಬಯಕೆ ಕ್ರೋಧವಾಗುತ್ತದೆ, ಕ್ರೋಧ ಬುದ್ಧಿನಾಶವಾಗುತ್ತದೆ. ಜಯಂತಿಯನ್ನು ಪ್ರಜೆಗಳೆದುರಿನಲ್ಲಿ ವಿವಸ್ತ್ರಗೊಳಿಸಿ ಹೊಡೆಸಬೇಕೆಂದು ಆಜ್ಞಾಪಿಸುವಷ್ಟು ನೀಚತನಕ್ಕೆ ಇಳಿಯುತ್ತಾನೆ. ಗೀತೆಯ ಎರಡನೆಯ ಅಧ್ಯಾಯವು ಹೇಳುವ ಅಧಃಪಾತದ ಸೋಪಾನವನ್ನು ಬಂಕಿಮರು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತೋರಿಸಿದ್ದಾರೆ.

ಇಷ್ಟೇ ಆಗಿದ್ದರೆ ‘ಸೀತಾರಾಮ’ವು ಒಂದು ನೀತಿಕಥೆಯಾಗುತ್ತಿತ್ತು. ಹಾಗಾಗದಿರುವುದಕ್ಕೆ ಕಾರಣ, ತಪ್ಪು ಒಬ್ಬನದೇ ಅಲ್ಲವೆಂಬ ಅರಿವು. ಶ್ರೀಯ ವೈರಾಗ್ಯವೂ ಅಪೂರ್ಣವೇ. ಅವಳು ಪ್ರೀತಿಯನ್ನು ಗೆದ್ದವಳಲ್ಲ, ಹೂತಿಟ್ಟವಳು. ‘ಧರ್ಮತತ್ತ್ವ’ದ ಮಾತಿನಲ್ಲಿ ಹೇಳುವುದಾದರೆ ಅವಳದು ದಮನವಲ್ಲ, ಉಚ್ಛೇದದ ಯತ್ನ. ರಾಜನ ಬಳಿ ರಾಣಿಯಾಗಿ ಇರಬೇಕಾದವಳು ಸನ್ನ್ಯಾಸಿನಿಯಾಗಿ ಇದ್ದುದರಿಂದಲೇ ಅವನ ಬಯಕೆಗೆ ತೃಪ್ತಿಯೂ ಇಲ್ಲ, ಬಿಡುಗಡೆಯೂ ಇಲ್ಲ ಎಂಬಂತಾಯಿತು. ಜಯಂತಿಯ ಪ್ರಸಂಗ ಇನ್ನೂ ಸೂಕ್ಷ್ಮವಾದುದು. ಸುಖದುಃಖಗಳನ್ನು ಮೀರಿದೆನೆಂದು ನಂಬಿದ್ದ ಆಕೆ, ವೇದಿಕೆಯ ಮೇಲೆ ಸಾವಿರ ಕಣ್ಣುಗಳೆದುರು ನಿಂತಾಗ ತನ್ನಲ್ಲಿ ಲಜ್ಜೆ ಇನ್ನೂ ಉಳಿದಿದೆಯೆಂದು ಕಂಡುಕೊಳ್ಳುತ್ತಾಳೆ. ವೈರಾಗ್ಯದ ದರ್ಪ ಅಲ್ಲಿ ಮುರಿಯುತ್ತದೆ. ಆಗ ಅವಳನ್ನು ಕಾಯುವುದು ಅವಳ ತಪಸ್ಸಲ್ಲ. ಅಂತಃಪುರದಿಂದ ಧಾವಿಸಿ ಬಂದ ರಾಣಿ ನಂದೆಯೂ ಅವಳೊಡನೆ ಬಂದ ಹೆಂಗಸರೂ. ಗೃಹಿಣಿಯ ಸೆರಗು ಸನ್ನ್ಯಾಸಿನಿಯ ಮಾನವನ್ನು ಕಾಪಾಡುತ್ತದೆ. ಯಾವ ಪ್ರಬಂಧದಲ್ಲಿಯೂ ಬಂಕಿಮರು ಗೃಹಧರ್ಮವನ್ನು ಇದಕ್ಕಿಂತ ಬಲವಾಗಿ ಸಮರ್ಥಿಸಿಲ್ಲ.

ಈ ಕಾದಂಬರಿಗಳ ಒಂದು ದೋಷವನ್ನು ಇಲ್ಲಿ ಹೇಳದೆ ಬಿಡುವುದು ವಿಮರ್ಶೆಗೆ ತಕ್ಕುದಲ್ಲ. ‘ಆನಂದಮಠ’, ‘ಸೀತಾರಾಮ’ಗಳಲ್ಲಿ ಮುಸಲ್ಮಾನರನ್ನು ಕುರಿತು ಬರುವ ನಿಂದೆಯ ಮಾತುಗಳು ಮುಂದಿನ ಕಾಲದಲ್ಲಿ ಅನೇಕರ ಮನಸ್ಸನ್ನು ನೋಯಿಸಿದವು; ಆ ನೋವಿಗೆ ಆಧಾರವಿಲ್ಲವೆನ್ನಲಾಗದು. ಸರ್ವಭೂತಗಳಲ್ಲಿ ಸಮದೃಷ್ಟಿಯನ್ನು ಬೋಧಿಸಿದ ‘ಧರ್ಮತತ್ತ್ವ’ದ ಅಳತೆಗೋಲಿನಿಂದಲೇ ಅಳೆದರೂ ಅವು ಕಿರಿದಾಗಿ ಕಾಣುತ್ತವೆ. ಆದರೆ ಇದೇ ‘ಸೀತಾರಾಮ’ದಲ್ಲಿ ಚಾಂದಶಾಹನೆಂಬ ಫಕೀರನೂ ಇದ್ದಾನೆ. ಹಿಂದೂ ಮುಸಲ್ಮಾನರನ್ನು ಸಮನಾಗಿ ಕಾಣದಿದ್ದರೆ ರಾಜ್ಯ ನಿಲ್ಲದೆಂದು ಅರಸನಿಗೆ ಬುದ್ಧಿ ಹೇಳಿದವನು ಅವನು. ರಾಜಧಾನಿಗೆ ಮಹಮ್ಮದಪುರವೆಂಬ ಹೆಸರು ಬಂದದ್ದೂ ಅವನ ಕಾರಣದಿಂದಲೇ. ಅರಸನು ಕೆಟ್ಟ ಮೇಲೆ ಅವನು ಆ ನಾಡನ್ನೇ ಬಿಟ್ಟು ಹೋಗುತ್ತಾನೆ. ಗುರು ಚಂದ್ರಚೂಡನೂ ಹೊರಟುಹೋಗುತ್ತಾನೆ. ಹಿಂದೂ ರಾಜ್ಯದ ಕನಸನ್ನು ಕಟ್ಟಿದ ಲೇಖಕರೇ, ಧರ್ಮ ತಪ್ಪಿದ ಆ ರಾಜ್ಯದಿಂದ ಫಕೀರನನ್ನೂ ಬ್ರಾಹ್ಮಣನನ್ನೂ ಎಬ್ಬಿಸಿ ಕಳುಹಿಸಿದರು.

೬

ಹಾಗಾದರೆ ಸಾಮಂಜಸ್ಯದ ಆದರ್ಶ ಎಲ್ಲಿ ಸಿದ್ಧಿಸಿತು? ಬಂಕಿಮರ ಉತ್ತರ ‘ಕೃಷ್ಣಚರಿತ್ರ’. ೧೮೮೬ರಲ್ಲಿ ಮೊದಲ ಭಾಗವಾಗಿಯೂ ೧೮೯೨ರಲ್ಲಿ ಸಮಗ್ರವಾಗಿಯೂ ಪ್ರಕಟವಾದ ಈ ಗ್ರಂಥದಲ್ಲಿ ಅವರು ಮಹಾಭಾರತದ ಪದರಗಳನ್ನು ವಿಂಗಡಿಸಿ, ಪ್ರಕ್ಷಿಪ್ತವೆಂದು ತೋರಿದುದನ್ನೂ ಅಲೌಕಿಕವಾದುದನ್ನೂ ಬದಿಗಿಟ್ಟು, ಯೋಧ, ನೀತಿಜ್ಞ, ಗೃಹಸ್ಥ, ಜ್ಞಾನಿ ಎಲ್ಲವೂ ಆದ ಒಬ್ಬ ಆದರ್ಶ ಮಾನವನನ್ನು ಎತ್ತಿ ನಿಲ್ಲಿಸುತ್ತಾರೆ. ಎಲ್ಲ ವೃತ್ತಿಗಳೂ ಪೂರ್ಣವಾಗಿ ಅರಳಿದ ಪುರುಷನು ಅವರಿಗೆ ಒಬ್ಬನೇ. ಈ ವಿಧಾನದಲ್ಲಿ ಭಕ್ತರ ಗೋಕುಲದ ಕೃಷ್ಣನಿಗೆ ಅನ್ಯಾಯವಾಗಿದೆಯೆಂದು ವಾದಿಸಬಹುದು. ನಮ್ಮ ಪ್ರಕೃತ ವಿಚಾರಕ್ಕೆ ಬೇಕಾದದ್ದು ಇಷ್ಟು: ಪೂರ್ಣತೆಯನ್ನು ಬಂಕಿಮರು ಪುರಾಣಪುರುಷನಲ್ಲಿರಿಸಿದರು; ತಮ್ಮ ಕಾದಂಬರಿಯ ಮನುಷ್ಯರಿಗೆ ಕೊಟ್ಟದ್ದು ಅಪೂರ್ಣತೆಯನ್ನು. ಭವಾನಂದನಲ್ಲಿ ನಿಷ್ಠೆಯುಂಟು, ಸಂಯಮವಿಲ್ಲ. ಸತ್ಯಾನಂದನಲ್ಲಿ ಭಕ್ತಿಯುಂಟು, ಜ್ಞಾನವಿಲ್ಲ. ಸೀತಾರಾಮನಲ್ಲಿ ಶೌರ್ಯವುಂಟು, ಇಂದ್ರಿಯಜಯವಿಲ್ಲ. ಶ್ರೀಯಲ್ಲಿ ವೈರಾಗ್ಯವುಂಟು, ಸಹಜತೆಯಿಲ್ಲ. ಪ್ರಫುಲ್ಲೆಯೊಬ್ಬಳನ್ನು ಪೂರ್ಣಳನ್ನಾಗಿಸಹೊರಟಲ್ಲಿ ಕಥೆ ತೆಳುವಾಯಿತು.

ಕ್ರಮವನ್ನೂ ಗಮನಿಸಬೇಕು. ಅನುಶೀಲನವು ಸಫಲವಾದ ಕಥೆಯನ್ನು ೧೮೮೪ರಲ್ಲಿ ಬರೆದ ಬಂಕಿಮರು ಅಲ್ಲಿಗೆ ನಿಲ್ಲಲಿಲ್ಲ. ಅದು ವಿಫಲವಾಗುವ ಕಥೆಯನ್ನು ಮುಂದೆ ಬರೆದರು. ‘ಸಾಮ್ಯ’ವನ್ನು ಕೈಬಿಟ್ಟ ಪ್ರಾಮಾಣಿಕತೆಯೇ ಇಲ್ಲಿಯೂ ಕೆಲಸ ಮಾಡಿದೆ. ವ್ಯತ್ಯಾಸವಿಷ್ಟೇ: ಈ ಬಾರಿ ಅವರು ಸಿದ್ಧಾಂತವನ್ನು ಹಿಂತೆಗೆದುಕೊಳ್ಳಲಿಲ್ಲ, ಅದರ ಬೆಲೆಯೆಷ್ಟೆಂಬುದನ್ನು ತೋರಿಸಿದರು. ವೃತ್ತಿಗಳಲ್ಲಿ ಒಂದು ಇನ್ನೊಂದನ್ನು ತುಳಿದರೆ ವ್ಯಕ್ತಿ ಮಾತ್ರವಲ್ಲ, ರಾಜ್ಯವೇ ಅಳಿಯುತ್ತದೆಂಬ ಸತ್ಯವು ‘ಧರ್ಮತತ್ತ್ವ’ದಲ್ಲಿ ವಾಕ್ಯವಾಗಿದೆ, ‘ಸೀತಾರಾಮ’ದಲ್ಲಿ ಅನುಭವವಾಗಿದೆ.

ಆದುದರಿಂದ ಕಲಾವಿದ ಬಂಕಿಮ, ಋಷಿ ಬಂಕಿಮ ಎಂಬ ವಿಭಾಗ ಬೋಧನೆಯ ಸೌಕರ್ಯಕ್ಕೆ ಒದಗಬಹುದಾದರೂ ಕೃತಿಗಳ ಮುಂದೆ ನಿಲ್ಲಲಾರದು. ನಮ್ಮ ವಿದ್ಯಾರ್ಥಿಗಳು ಈ ಕಾದಂಬರಿಗಳನ್ನು ಓದುವಾಗ ಮೊದಲು ಸಿದ್ಧಾಂತವನ್ನು ಕಲಿತು ಅನಂತರ ಕಥೆಯಲ್ಲಿ ಅದನ್ನು ಹುಡುಕುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಹಾಗೆ ಹುಡುಕುವವನಿಗೆ ಸತ್ಯಾನಂದನ ಕಣ್ಣೀರು, ಪ್ರಫುಲ್ಲೆಯ ಮೀನು, ಜಯಂತಿಯ ಲಜ್ಜೆ ಈ ಮೂರೂ ಅಪ್ರಸ್ತುತವಾಗಿ ತೋರಿಯಾವು. ಕಥೆಯನ್ನು ಮೊದಲು ಓದಿದವನಿಗೆ ಅವೇ ಮನಸ್ಸಿನಲ್ಲಿ ನಿಲ್ಲುತ್ತವೆ. ಅವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ‘ಧರ್ಮತತ್ತ್ವ’ಕ್ಕೆ ಬಂದರೆ, ಆ ಗುರುವನ್ನು ಶಿಷ್ಯನಿಗಿಂತ ಚೆನ್ನಾಗಿ ಪ್ರಶ್ನಿಸಬಲ್ಲನು.